ಹದಿನೇಳನೇ ಮೋರಿ

ಐತಪ್ಪ ಮೊದಲ ದಿನವೇ ಕೇಳಿದ,
"ಸಾರ್, ನಿಮ್ಮ ಕಂಪ್ಯೂಟರೊಳಗೆ ಮಳೆ ಸುರಿಯುವಾಗ
ಮೋರಿ ಕೆರೆಯುವವರು ಯಾರು?"

ನಕ್ಕು, ಟೇಪಿನ ತುದಿ ಅವನ ಕೈಗೆ ಕೊಟ್ಟೆ.
ಮಾದಾಪುರದಿಂದ ಮೇಲಕ್ಕೆ ಆರು ಕಿಲೋಮೀಟರು,
ಇಪ್ಪತ್ತಮೂರು ಮೋರಿ. ಪಟ್ಟಿಯಲ್ಲಿ ಎಲ್ಲದಕ್ಕೂ ಒಂದೇ ಸಾಲು:
ಕೊಳವೆ, ವ್ಯಾಸ ಮೂರಡಿ, ಅಡಚಣೆ ಸೊನ್ನೆ.
ಸೊನ್ನೆ ಹಾಕಿದ್ದು ನಾನಲ್ಲ. ಖಾಲಿ ಬಿಟ್ಟ ಚೌಕಕ್ಕೆ
ಅದು ತಾನಾಗಿ ಬಂದು ಕೂರುತ್ತದೆ,
ಕರೆಯದೆ ಬಂದ ನೆಂಟನ ಹಾಗೆ.

ಹದಿನೇಳನೆಯದರ ಬಾಯಿಗೆ ಬಗ್ಗಿ ಟಾರ್ಚು ಬಿಟ್ಟೆ.
ಬೆಳಕು ಒಂದು ಮೊಳ ಹೋಗಿ ನಿಂತಿತು.
ಸಿಲ್ವರ್ ಓಕಿನ ಕೊಂಬೆ, ಕಸಿ ಮಾಡಿ ಎಸೆದ ಕಾಫಿ ಕಡ್ಡಿ,
ಗೊಬ್ಬರದ ಚೀಲ, ಹೋಂಸ್ಟೇಯ ನೀರಿನ ಬಾಟಲಿ,
ಒಂದು ಹಾಸಿಗೆ,
ಹೌದು, ಇಡೀ ಹಾಸಿಗೆ, ಹತ್ತಿ ಮುದ್ದೆಗಟ್ಟಿದ್ದು,
ಅದರ ಮೇಲೆ ಮಣ್ಣು, ಮಣ್ಣಿನ ಮೇಲೆ ಜರಿಗಿಡ.
"ಮೂರು ಮಳೆಗಾಲ ಆಯ್ತು ಸಾರ್" ಅಂದ ಐತಪ್ಪ
ಮಗುವಿನ ವಯಸ್ಸು ಹೇಳುವವನಂತೆ.
"ಮೊದಲು ಐದು ಜನ ಇದ್ದೆವು ಗ್ಯಾಂಗಿನಲ್ಲಿ."

ಕಳೆದ ಕಕ್ಕಡದಲ್ಲಿ, ತೋಟದ ರೈಟರು ಡೈರಿಯಲ್ಲಿ
ಒಂಬತ್ತು ಇಂಚು ನಲವತ್ತು ಸೆಂಟು ಎಂದು ಬರೆದ ದಿನ,
ನನ್ನ ನಕ್ಷೆ ರಸ್ತೆಯ ಕೆಳಗಿನ ಮನೆಗಳಿಗೆ ನೀಲಿ ಬಳಿದಿತ್ತು.
ಅಲ್ಲಿ ಒಲೆ ಕೂಡ ಆರಲಿಲ್ಲ.
ಮೇಲ್ಗಡೆ, ನಾನು ಬೆಳ್ಳಗೆ ಬಿಟ್ಟ ಜಾಗದಲ್ಲಿ,
ಲೈನ್‌ಮನೆಯ ತೋಲ ಅಕ್ಕಿ ಡಬ್ಬ ತಲೆಯ ಮೇಲಿಟ್ಟುಕೊಂಡು
ಬೆಳಕು ಹರಿಯುವವರೆಗೆ ನಿಂತಿದ್ದ.
ತೋಡು ಮೋರಿಯೆದುರು ಕಾದು ಕಾದು
ಕೊನೆಗೆ ರಸ್ತೆಯನ್ನೇ ಹಾಸಿಕೊಂಡು ಮಲಗಿತು.
ಆಮೇಲೆ ತಿರುವಿನ ಕಡೆ ಹೊರಳಿ,
ಶಾಲೆಯ ಕಾಂಪೌಂಡ್ ಒಡೆದು ಇಳಿದು ಹೋಯಿತು.

"ಹಾಗಾದರೆ ಇವತ್ತೇ ತೆಗೆಸೋಣ" ಅಂದೆ.

ಗುದ್ದಲಿಯ ಸದ್ದಿಗೆ ಕೆಳಗಿನಿಂದ ಆಯಿಸುಮ್ಮ ಹತ್ತಿ ಬಂದಳು,
ಏದುಸಿರು, ಕೈತುಂಬ ಮೀನಿನ ಹುರುಪೆ.
"ತೆಗೆಯಬೇಡ ಮೋನೇ.
ಅದು ಮುಚ್ಚಿದ ಮೇಲೆಯೇ ನನ್ನ ಮನೆಗೆ
ಮಳೆ ಬರೀ ಮಳೆಯಾಗಿ ಬರುತ್ತಿರೋದು."
ಸ್ವಲ್ಪ ಸುಮ್ಮನಿದ್ದು,
"ಹಾಸಿಗೆ ಯಾರದ್ದು ಅಂತ ಮಾತ್ರ ಕೇಳಬೇಡ."

ಐತಪ್ಪ ಗುದ್ದಲಿಯ ಮೊನೆ ನೋಡಿದ.
ಅವನಿಗೆ ಗೊತ್ತಿತ್ತು.
ಮೇಲೆ ದರೆಯಂಚಿಗೆ ಬಂದು ನಿಂತಿದ್ದ ತೋಲ
ಏನೂ ಹೇಳಲಿಲ್ಲ; ಮನೆಯ ಗೋಡೆಯತ್ತ ಕೈ ತೋರಿದ.
ಕಿಟಕಿಯ ಮಟ್ಟಕ್ಕೆ ಕೆಮ್ಮಣ್ಣಿನ ಗೆರೆ,
ನನ್ನ ಯಾವ ಗೆರೆಗಿಂತಲೂ ನೇರ.

ರಾತ್ರಿ ಚೌಕದೆದುರು ಕೂತೆ.
ಸೊನ್ನೆ ಇಟ್ಟರೆ ಆಯಿಸುಮ್ಮ. ನೂರು ಇಟ್ಟರೆ ತೋಲ.
ಐವತ್ತು ಇಟ್ಟು ಓಡಿಸಿದೆ:
ಇಬ್ಬರಿಗೂ ಮೊಣಕಾಲಿನವರೆಗೆ,
ಲೆಕ್ಕ ಅದನ್ನು ನ್ಯಾಯ ಅನ್ನುತ್ತದೆ.
ಆದರೆ ಮೋರಿ ಐವತ್ತರಲ್ಲಿ ನಿಲ್ಲುವ ಜಾತಿಯದಲ್ಲ.
ಒಂದು ಕೊಂಬೆ ಬಂದರೆ ನೂರು.
ಹಾಸಿಗೆ ಕಿತ್ತು ಬಂದರೆ ಒಂದೇ ಉಸಿರಿಗೆ ಸೊನ್ನೆ,
ಹಿಂದೆ ನಿಂತ ತೋಡೆಲ್ಲ ಒಟ್ಟಿಗೆ
ಅವಳ ಅಡುಗೆಮನೆಗೆ,
ಮುಚ್ಚಿದ್ದಕ್ಕೆ ಬಡ್ಡಿ ಸಮೇತ.
ಇದನ್ನು ನಾಳೆ ಅವಳಿಗೆ ಹೇಳಬೇಕು,
ತೋಲನ ಕಣ್ಣೆದುರು, ಇಬ್ಬರನ್ನೂ ಕೂರಿಸಿ.
ಹೇಗೆ ಹೇಳಲಿ? ಮೂರಡಿಯ ಕೊಳವೆ ಆ ತೋಡಿಗೆ ಯಾವತ್ತೂ
ಸಾಕಾಗಿರಲಿಲ್ಲ ಅಂತಲೇ?

ಫೋನು ಬಡಿದುಕೊಂಡಿತು. ಐತಪ್ಪ.
"ಸಾರ್, ಬೆಟ್ಟದ ಮೇಲೆ ಹನಿ ದಪ್ಪ ಆಗಿದೆ.
ಗುದ್ದಲಿ ತಗೊಂಡು ಹೋಗಲೋ, ಬೇಡವೋ?"

ಉತ್ತರ ಹೊಳೆಯದೆ ಪಟ್ಟಿ ನೋಡುತ್ತಿದ್ದೆ.
ಕೊನೆಯಲ್ಲೊಂದು ಕಲಂ ಇದೆ, ಷರಾ,
ಯಾರೂ ತುಂಬದ್ದು, ಮಾದರಿ ಓದದ್ದು.
ಅಲ್ಲಿ ಬರೆದೆ:
ಹಾಸಿಗೆ ಒಂದು, ಇಬ್ಬರು ಮಲಗುವಷ್ಟು ಅಗಲ.

"ತಡಿ," ಅಂದೆ ಫೋನಿಗೆ, "ನಾನೂ ಬರ್ತೇನೆ."